ಆನೆ ಹತ್ತಿದ ಗಾದಿ ಈರಸಂಗಪ್ಪ

ನನ್ನ ಕಸುಬು ಹೂಂ ಅನ್ನುವುದು. ನಗಬೇಡಿ. ನಿಮ್ಮ ಕಡೆ ಕಥೆ ಕೇಳುವವರು ಪುಕ್ಕಟೆ ಹೂಂಗುಟ್ಟುತ್ತಾರೆ ಅಂತ ಕೇಳಿದ್ದೇನೆ. ನಮ್ಮೂರಿನಲ್ಲಿ ಅದು ನಮ್ಮ ಮನೆತನದ ಉದ್ಯೋಗ. ನಮ್ಮಪ್ಪ ಹೂಂ ಅಂದೇ ಮನೆ ತುಂಬ ಮಕ್ಕಳನ್ನು ಸಾಕಿದ. ನಮ್ಮಜ್ಜನ ಹೂಂ ಎಂಥದಿತ್ತೆಂದರೆ ಕಥೆಯಲ್ಲಿ ಸತ್ತ ಗುಬ್ಬಿ ಎದ್ದು ಕೂತು, ಇನ್ನೊಂದು ಹೂಂ ಕೇಳಿ, ಸಮಾಧಾನದಿಂದ ಮತ್ತೆ ಸಾಯುತ್ತಿತ್ತಂತೆ. ಇದನ್ನು ಹೇಳಿದವನು ನಮ್ಮಜ್ಜನೇ, ಆದ್ದರಿಂದ ಸ್ವಲ್ಪ ಕಳೆದು ಕೇಳಿಕೊಳ್ಳಿ.

ಸಂತೆಪೇಟೆಯ ಹಿಂದೆ ಕಥೆಬಯಲು ಇದೆ. ಅಲ್ಲಿಯ ಕಟ್ಟೆಯ ಮೇಲೆ ಕೂತು ಕಥೆ ಹೇಳಿದರೆ ಹೇಳಿದ್ದೆಲ್ಲ ಎದುರಿಗೆ ಎದ್ದು ನಿಲ್ಲುತ್ತದೆ. ಕೊಡ ಅಂದರೆ ಕೊಡ, ಹುಲಿ ಅಂದರೆ ಹುಲಿ. ಕಥೆ ಮುಗಿದ ಮೇಲೆ ಏನೂ ಉಳಿಯುವುದಿಲ್ಲ, ಆನೆಯ ಲದ್ದಿ ಕೂಡ ಉಳಿಯುವುದಿಲ್ಲ, ಅದು ಬಯಲು ಗುಡಿಸುವವರ ಪುಣ್ಯ. ಎದ್ದದ್ದು ನಿಲ್ಲಬೇಕಾದರೆ ಮಾತ್ರ ಕೇಳುವವರು ಬಾಯಿ ಬಿಡಬೇಕು. ಓಹೋ ಅಂದರೆ ಬೆಂಕಿ, ಬಿರುಗಾಳಿ, ಆನೆ, ಅರಮನೆ ಇಂಥವೆಲ್ಲ ಬೆಳೆಯುತ್ತವೆ. ಹೂಂ ಅಂದರೆ ಮನುಷ್ಯರು ತುಂಬಿಕೊಳ್ಳುತ್ತಾರೆ. ಮೊದಲು ಪಾದ, ಆಮೇಲೆ ಮೊಣಕಾಲು, ಹೀಗೆ ಹೂಂಗುಟ್ಟುತ್ತ ಹೋದರೆ ಎಲ್ಲಕ್ಕೂ ಕಡೆಗೆ ಮುಖ. ಎರಡೂ ನಿಂತರೆ ಕಥೆ ಕರಗುತ್ತದೆ, ಒಮ್ಮೆ ಕರಗಿದ ಕಥೆ ಮತ್ತೆ ಏಳುವುದಿಲ್ಲ.

ಮೊದಲೆಲ್ಲ ಬಯಲಿನಲ್ಲಿ ಮನುಷ್ಯರೇ ಏಳುತ್ತಿದ್ದರು. ಹಳೆಯದೆಲ್ಲ ಬಂಗಾರ ಅನ್ನುವ ಜಾತಿಯವನು ನಾನಲ್ಲ. ನಮ್ಮಪ್ಪನ ಕಾಲದ ಕಥೆಗಾರನೊಬ್ಬ ತನ್ನ ನಾಯಕನಿಗೆ ಅಂಗಿ ತೊಡಿಸುವಷ್ಟರಲ್ಲಿ ಸಂಜೆ ಮುಗಿಸುತ್ತಿದ್ದ. ಒಂದು ಗುಂಡಿ ಹಾಕುವುದು, ನಿಟ್ಟುಸಿರು ಬಿಡುವುದು, ಇನ್ನೊಂದು ಗುಂಡಿಯ ಬಗ್ಗೆ ಯೋಚಿಸುವುದು. ಅರ್ಧ ಬಯಲು ಗೊರಕೆ ಹೊಡೆಯುತ್ತಿತ್ತು. ನಮ್ಮಪ್ಪ ನಿದ್ದೆಯಲ್ಲೇ ಹೂಂ ಅನ್ನುವುದನ್ನು ಕಲಿತದ್ದು ಆಗಲೇ. ಜನ ಬೇಸತ್ತಿದ್ದರು, ಅದು ಸುಳ್ಳಲ್ಲ. ಆ ಹೊತ್ತಿಗೆ ಸರಿಯಾಗಿ ಸಿಡಿಲು ಅಡಿವೆಯ್ಯ ಬಂದ. ಅವನು ಕಟ್ಟೆ ಹತ್ತಿದವನೇ ಆನೆ ಅಂದ. ಜನ ಓಹೋ ಅಂದರು. ಆನೆ ಬೆಳೆಯಿತು. ಮುಂದಿನ ವಾರ ಎರಡು ಆನೆ, ಅದರ ಮುಂದಿನ ವಾರ ಉರಿಯುವ ಆನೆ. ಆಮೇಲೆ ನಮ್ಮೂರಿನ ಕಥೆಗಳಲ್ಲಿ ಕಾಲು ಇಡಲು ಜಾಗವಿರಲಿಲ್ಲ.

ಜನ ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ಮುಂದಿನ ಸಾಲಿನವರು ಕಥೆಗೆ ಕೊಡೆ ತರತೊಡಗಿದರು, ಬಿರುಮಳೆ ಯಾವಾಗ ಬರುತ್ತದೋ ಹೇಳಲಾಗದು. ಹೆಂಗಸರು ಒದ್ದೆ ಸೀರೆ ತಂದು ಕಥೆಯ ಬಿರುಗಾಳಿಗೆ ಹಿಡಿದು ಒಣಗಿಸಿಕೊಳ್ಳುತ್ತಿದ್ದರು, ಕಥೆ ಮುಗಿದ ಕೂಡಲೇ ಸೀರೆ ಮತ್ತೆ ಒದ್ದೆಯಾದರೂ ತರುವುದನ್ನು ಬಿಡಲಿಲ್ಲ. ಕಿವಿಗೆ ಇಡುವ ಹತ್ತಿಯ ವ್ಯಾಪಾರ ಬಯಲಿನ ಪಕ್ಕದಲ್ಲೇ ಶುರುವಾಯಿತು. ಹೂಂ ಅನ್ನುವವರು ಯಾರೂ ಇಲ್ಲದ್ದರಿಂದ ಅಡಿವೆಯ್ಯನ ರಾಜರಿಗೆ ಮುಖವೇ ಬರುತ್ತಿರಲಿಲ್ಲ. ಕಿರೀಟ ಇರುತ್ತಿತ್ತು, ಅದರ ಕೆಳಗೆ ಒಂದು ಗೇಣು ಬಯಲು ಗಾಳಿ, ಅದರ ನಡುವೆ ಮೀಸೆ. ಮೀಸೆ ವಸ್ತುವಿನ ಲೆಕ್ಕಕ್ಕೆ ಬರುತ್ತದೆ ಅಂತ ಕಾಣುತ್ತದೆ, ಓಹೋ ಅಂದಷ್ಟೂ ಬೆಳೆಯುತ್ತಿತ್ತು. ಊರಿನ ಗಂಡಸರು ಆ ಬರೀ ಮೀಸೆಗೆ ಸಿಳ್ಳೆ ಹೊಡೆದರು, ತಾವೂ ಹಾಗೇ ಮೀಸೆ ಬಿಟ್ಟರು. ರಾಜ ಯಾಕೆ ಯುದ್ಧಕ್ಕೆ ಹೊರಟ ಅಂತ ಯಾರಾದರೂ ಕೇಳಿದರೆ, ಆನೆ ಬಂದದ್ದು ಕಾಣುವುದಿಲ್ಲವೇನೋ ಅಂತ ಪಕ್ಕದವರು ಗದರಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಷ್ಟಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ, ನನ್ನ ಕಸುಬು ಹೋಯಿತು ಅಂತ ಊರಿನ ಖುಷಿಗೆ ಮಣ್ಣು ಹಾಕುವುದು ತರವಲ್ಲ. ಆದರೆ ಈ ಹುಚ್ಚು ಕಡೆಗಥೆಗೂ ಹಬ್ಬಿತು. ಸತ್ತವರ ಕಥೆಯನ್ನು ಮನೆಯವರು ಒಂದು ದಿನ ಬಯಲಿನಲ್ಲಿ ಹೇಳಿಸುತ್ತಾರೆ. ಅದೇ ಕಡೆಗಥೆ. ಒಂದೇ ಸಲ. ಸತ್ತವರು ಎದ್ದು ನಿಲ್ಲುತ್ತಾರೆ, ಮನೆಯವರು ಕಣ್ತುಂಬ ನೋಡಿಕೊಳ್ಳುತ್ತಾರೆ, ಅಲ್ಲಿಗೆ ಋಣ ಹರಿಯಿತು. ಒಂದು ಸಲ ಬೆಲ್ಲದಂಗಡಿಯವರು ತಮ್ಮ ಅಜ್ಜಿಯ ಕಡೆಗಥೆಯನ್ನು ಅಡಿವೆಯ್ಯನ ಕೈಲಿ ಹೇಳಿಸಿ ಸಮುದ್ರ ಎಬ್ಬಿಸಿದ್ದರು. ಆ ಅಜ್ಜಿ ಜೀವಮಾನದಲ್ಲಿ ಊರ ಕೆರೆಯ ಆಚೆ ದಂಡೆ ಕಂಡವಳಲ್ಲ. ಮನೆಯಷ್ಟು ಎತ್ತರದ ಅಲೆಗಳ ನಡುವೆ ಅಜ್ಜಿಯ ಸೆರಗಿನ ಚುಂಗು ಮಾತ್ರ ತೇಲಿತು. ಬಂದವರು ಭೇಷ್ ಅಂದರು. ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ ಅಂತ ಮೊಮ್ಮಕ್ಕಳು ಸಮುದ್ರ ಕರಗುವ ತನಕ ಹುಡುಕುತ್ತಲೇ ಇದ್ದವು.

ಇದಾದ ಕೆಲವು ದಿನಕ್ಕೆ ನಿಂಬೆವ್ವ ನಮ್ಮ ಮನೆಗೆ ಬಂದಳು. ಅವಳ ಗಂಡ ಈರಸಂಗಪ್ಪ ಗಾದಿ ಹೊಲಿಯುತ್ತಿದ್ದವನು. ಊರಿನ ಮುಕ್ಕಾಲು ಪಾಲು ಜನ ಅವನು ಹೊಲಿದ ಗಾದಿಯ ಮೇಲೆ ಮಲಗಿದ್ದಾರೆ, ಆದರೆ ಅವನ ಮುಖ ನೆನಪಿದೆಯಾ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಯಾವಾಗಲೂ ಬಗ್ಗಿ ಹೊಲಿಯುತ್ತಿದ್ದವನ ಮುಖ ಯಾರು ನೋಡಿದ್ದಾರೆ? ಮಗಳು ಕಸ್ತೂರಿ ಇನ್ನೂ ಹೊಟ್ಟೆಯಲ್ಲಿದ್ದಾಗ ಜ್ವರ ಬಂದು ಹೋಗಿಬಿಟ್ಟ. ಮಗಳು ದೊಡ್ಡವಳಾಗಿ, ನೋಡಿದ್ದು ನೆನಪಿಟ್ಟುಕೊಳ್ಳುವಂತಾಗಲಿ ಅಂತ ನಿಂಬೆವ್ವ ಕಡೆಗಥೆಯನ್ನು ಇಷ್ಟು ವರ್ಷ ಮುಂದಕ್ಕೆ ಹಾಕಿಕೊಂಡು ಬಂದಿದ್ದಳು. ಈಗ ಕಸ್ತೂರಿಯೇ ಅಪ್ಪನ ಅಂಗಡಿಯಲ್ಲಿ ಕೂತು ಗಾದಿ ಹೊಲಿಯುತ್ತಾಳೆ.

"ಮಲಕಾಜಪ್ಪಣ್ಣ, ಕಡೆಗಥಿ ಇಟ್ಕೊಂಡೀವಿ," ಅಂದಳು ನಿಂಬೆವ್ವ. "ನೀವು ಬಂದು ಹೂಂ ಅನಬೇಕು."

"ಹೇಳೋರು ಯಾರವ್ವಾ?"

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಅಡಿವೆಯ್ಯ. ನಮ್ಮ ಭಾವಾರು ಗೊತ್ತು ಮಾಡ್ಯಾರ."

ಭಾವ ಅಂದರೆ ಮುರಿಗೆಪ್ಪ, ಪೆಂಡಾಲಿನ ವ್ಯಾಪಾರಿ. ಕಥೆಗಾರನನ್ನು ಗೊತ್ತು ಮಾಡುವ ಹಕ್ಕು ನಮ್ಮಲ್ಲಿ ಸತ್ತವನ ಅಣ್ಣನದು. ಹೂಂ ಅನ್ನುವವನನ್ನು ಆರಿಸುವುದು ಮಾತ್ರ ಹೆಂಡತಿಯದು. ಬೆಲ್ಲದಂಗಡಿಯವರ ಸಮುದ್ರ ನೋಡಿದ ದಿನದಿಂದ ಮುರಿಗೆಪ್ಪನಿಗೆ ನಿದ್ದೆಯಿರಲಿಲ್ಲ. ಬದುಕಿದ್ದಾಗ ತಮ್ಮನ ಅಂಗಡಿಗೆ ಒಂದು ದಿನವೂ ಬಾರದವನು ಈಗ ತಮ್ಮನ ಕಥೆ ಆಕಾಶ ಮುಟ್ಟಬೇಕು ಅಂತ ಹೊರಟಿದ್ದ.

"ಬ್ಯಾಡ ಅನಬೇಕಿಲ್ಲೇನು?"

"ಅಂದೆನ್ರಿ. ಮನಿತನದ ಮರ್ಯಾದಿ ಅಂದ್ರು. ನನಗ ಮರ್ಯಾದಿ ಬ್ಯಾಡ್ರಿ ಅಣ್ಣಾ. ನನ್ನ ಮಗಳು ಅವರಪ್ಪನ ಮುಖ ನೋಡಿಲ್ಲ. ಮದವಿ ಫೋಟೋದಾಗ ಸೈತ ಅವರು ಕೆಳಗ ಬಗ್ಗ್ಯಾರ. ಕಾಲಾಗಿನ ಜಮಖಾನಿ ಹೊಲಗಿ ಬಿಚ್ಚಿತ್ತಂತ." ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಇದೊಂದ ಸಲ ಐತಿ. ಇದೂ ಆನೀ ಕಾಲಾಗ ಹ್ವಾದ್ರ, ಮುಗದಹೋತು."

ಬರ್ತೀನಿ ನಡಿಯವ್ವಾ ಅಂದೆ. ಮರುದಿನ ಚಹಾದಂಗಡಿಯಲ್ಲಿ ಅಡಿವೆಯ್ಯನನ್ನು ಹಿಡಿದೆ. ದೊಡ್ಡ ಗಂಟಲಿನ, ಒಳ್ಳೆಯ ಮನಸ್ಸಿನ ಮನುಷ್ಯ ಅವನು. ಅದೇ ತೊಂದರೆ, ಕೆಟ್ಟವನಾಗಿದ್ದರೆ ಬೈಯಬಹುದಿತ್ತು. "ಅಯ್ನೋರ, ಇದೊಂದು ಕಥಿ ಸಾದಾ ಹೇಳ್ರಿ. ಗಾದಿ ಹೊಲಿಯೋದು ಹೇಳ್ರಿ, ಸಾಕು," ಅಂದೆ.

"ಮಲಕಾಜಪ್ಪಾ, ಗಾದಿ ಹೊಲಿಯೋದ್ರಾಗ ಏನೈತೋ? ಸೂಜಿ, ದಾರ. ಹಿಂದಿನ ಸಾಲಿನವಗ ಸೂಜಿ ಕಾಣ್ತೈತೇನು?"

"ಹಂಗಾರ ಸೂಜೀನ ತಾಳಿ ಮರದಷ್ಟು ಮಾಡ್ರಿ," ಅಂದೆ ಸಿಟ್ಟಿನಿಂದ.

"ಹೌದಲ್ಲ!" ಅಂದ ಅವನು, ಚಹಾ ಕೆಳಗಿಟ್ಟು. ಅವನ ಕಣ್ಣು ಹೊಳೆದದ್ದು ನೋಡಿ ನನಗೆ ಹೆದರಿಕೆಯಾಯಿತು. ನಾನು ಬೇಡ ಬೇಡ ಅಂದೆ. ಅವನು ನನ್ನ ಭುಜ ತಟ್ಟಿ, "ನಿನ್ನ ಹೂಂ ನಾಕು ಮಂದೀಗೆ ಕೇಳ್ತೈತಿ. ಓಹೋ ಅಂದ್ರ ಊರಿಗೇ ಕೇಳ್ತೈತಿ. ಮಂದಿ ಯಾವ ಕಡೆ ಅದಾರ, ನಾ ಆ ಕಡೆ," ಅಂದ. ಜನಮರುಳೋ ಜಾತ್ರೆಮರುಳೋ ಅನ್ನುತ್ತಾರಲ್ಲ, ಜಾತ್ರೆಯನ್ನು ಕೇಳಿದರೆ ಅದು ಕೊಡುವ ಉತ್ತರ ಇದೇ ಇರಬೇಕು.

ಕಡೆಗಥೆಯ ಸಂಜೆ ಬಯಲು ತುಂಬಿ ತುಳುಕಿತು. ಮುರಿಗೆಪ್ಪ ತನ್ನ ಪೆಂಡಾಲಿನ ಆಳುಗಳನ್ನೆಲ್ಲ ಮುಂದೆ ಕೂರಿಸಿದ್ದ, ಅವರ ಕೆಲಸ ಓಹೋ ಅನ್ನುವುದು. ಮಧ್ಯಾಹ್ನವಿಡೀ ಅಭ್ಯಾಸ ಮಾಡಿಸಿದ್ದನಂತೆ. ನಾನು ನಿಂಬೆವ್ವ, ಕಸ್ತೂರಿಯರ ಪಕ್ಕದಲ್ಲಿ ಕೂತೆ. ಕಸ್ತೂರಿ ಹಬ್ಬದ ಸೀರೆ ಉಟ್ಟು ಬಂದಿದ್ದಳು. ಅಪ್ಪ ನೋಡುವುದಿಲ್ಲ, ತಾನೇ ಅಪ್ಪನನ್ನು ನೋಡುವುದು ಅಂತ ಗೊತ್ತಿದ್ದೂ ಉಟ್ಟಿದ್ದಳು.

ಅಡಿವೆಯ್ಯ ಕಟ್ಟೆ ಹತ್ತಿ ಕೈ ಎತ್ತಿ, "ಭೂಮಿ ನಡುಗಿತು!" ಅಂದ. ಭೂಮಿ ನಡುಗಿತು. "ಆನೀ ಬಂತು!" ಅಂದ. ಬಂತು. "ಆನೀ ಮ್ಯಾಲ ಅಂಬಾರಿ, ಅಂಬಾರ್‍ಯಾಗ ರಾಜ, ರಾಜನ ಮುಂದ ನಮ್ಮ ವೀರ ಈರಸಂಗಪ್ಪ, ಯುದ್ಧಕ್ಕ ಹೊಂಟಾನ ನೋಡ್ರೋ!" ಆಳುಗಳು ಓಹೋ ಅಂದರು. ಆನೆ ಹುಣಸೆಮರದಷ್ಟಾಯಿತು. ಅಂಬಾರಿಯ ಅಂಚಿನಲ್ಲಿ ಎರಡು ಬರಿಗಾಲು ಕಂಡವು, ಹಿಮ್ಮಡಿ ಒಡೆದ, ಬೆರಳುಗಳ ಸಂದಿಯಲ್ಲಿ ಹತ್ತಿ ಅಂಟಿದ ಕಾಲು. ನಿಂಬೆವ್ವ ನನ್ನ ತೋಳು ಹಿಡಿದಳು. ನಾನು ಹೂಂ ಅಂದೆ. ಎಷ್ಟು ಆಳದಿಂದ ಅಂದೆನೆಂದರೆ ನಮ್ಮಜ್ಜ ಮೆಚ್ಚಬೇಕಿತ್ತು. ಆದರೆ ಅಷ್ಟರಲ್ಲಿ ಅಡಿವೆಯ್ಯ ಬೆಂಕಿಯ ಬಾಣ ಬಿಟ್ಟ, ಕೋಟೆ ಉರುಳಿಸಿದ, ಇನ್ನೊಂದು ಹಿಂಡು ಆನೆ ತಂದ. ಓಹೋ, ಓಹೋ. ನನ್ನ ಹೂಂ ನನಗೇ ಕೇಳಲಿಲ್ಲ. ಕಾಲುಗಳು ತೆಳ್ಳಗಾಗತೊಡಗಿದವು.

"ಕಾಕಾ, ಕಾಲ ಹೊಂಟಾವ!" ಅಂದಳು ಕಸ್ತೂರಿ.

ನಿಂಬೆವ್ವ ಎದ್ದು ನಿಂತಳು. ನಮ್ಮೂರಿನಲ್ಲಿ ಕಥೆಯ ನಡುವೆ ಯಾರೂ ಏಳುವುದಿಲ್ಲ. ಬೆಂಕಿ ಬಿದ್ದರೆ ಏಳುತ್ತಾರೆ, ಅದೂ ಕಥೆಯ ಬೆಂಕಿಯಾದರೆ ಇಲ್ಲ. "ಅಯ್ನೋರ, ಒಂದ್ ಮಾತು ಕೇಳ್ತೀನಿ," ಅಂದಳು. "ಅವರು ಆನೀ ಯಾಕ ಹತ್ತಿದ್ರು?"

"ಯುದ್ಧಕ್ಕವ್ವಾ!"

"ಯಾವ ಯುದ್ಧ?"

"ದೊಡ್ಡ ಯುದ್ಧ!"

"ಯಾರ ಜೋಡಿ?"

ಅಡಿವೆಯ್ಯ ಒಂದು ಕ್ಷಣ ತಡವರಿಸಿ, "ವೈರಿಗಳ ಜೋಡಿ!" ಅಂದ.

"ಅವರಿಗೆ ತಿಗಣಿ ಬಿಟ್ರ ಬ್ಯಾರೆ ವೈರಿ ಯಾರಿದ್ರು?" ಅಂದಳು ನಿಂಬೆವ್ವ.

ಬಯಲು ಗೊಳ್ಳೆಂದು ನಕ್ಕಿತು. ಆಳುಗಳೂ ನಕ್ಕರು, ನಗುವಾಗ ಓಹೋ ಅನ್ನಲಾಗುವುದಿಲ್ಲ. ಕಥೆ ಕರಗದ ಹಾಗೆ ನಾನೊಬ್ಬನೇ ಆ ನಗುವಿನ ಅಡಿಯಲ್ಲಿ ಹೂಂಗುಟ್ಟುತ್ತಿದ್ದೆ. ಅಡಿವೆಯ್ಯ ಎತ್ತಿದ್ದ ಕೈ ಇಳಿಸಿಬಿಟ್ಟ. ಪಾಪ, ಇಷ್ಟು ವರ್ಷದಲ್ಲಿ ಅವನನ್ನು ಯಾಕೆ ಅಂತ ಕೇಳಿದವರೇ ಇರಲಿಲ್ಲ. ಆನೆ ಸೊಂಡಿಲು ಎತ್ತಿಕೊಂಡು ಹಾಗೇ ನಿಂತಿತ್ತು, ಯಾರಾದರೂ ಇಳಿಸು ಅನ್ನಲಿ ಅಂತ. ಕಥೆಗಾರ ತಡವರಿಸಿದರೆ ಮನೆಯವರು ಮುಂದುವರಿಸಬಹುದು, ಅದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಆದರೆ ಎದ್ದದ್ದನ್ನು ಅಳಿಸುವ ಹಾಗಿಲ್ಲ. ಆನೆ ಬಂದಿದೆ, ಅವನು ಹತ್ತಿದ್ದಾನೆ, ಯುದ್ಧ ನಡೆದಿದೆ. ಇನ್ನು ಹೇಳುವುದಿದ್ದರೆ ಅದರ ಮೇಲೆಯೇ ಹೇಳಬೇಕು. ಮುರಿಗೆಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ.

ನಿಂಬೆವ್ವ ಕಥೆಗಾರ್ತಿಯಲ್ಲ. ಅವಳು ಆನೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು, ಗಿರಾಕಿಯೊಬ್ಬ ಹೊರಲಾಗದ ದೊಡ್ಡ ಗಾದಿಯನ್ನು ಅಂಗಡಿಯಲ್ಲಿ ಇಳಿಸಿ ಹೋದರೆ ನೋಡುವ ಹಾಗೆ. ಆಮೇಲೆ ಅವಳ ಕಣ್ಣು ಅಂಬಾರಿಯ ಮೇಲೆ ನಿಂತಿತು.

"ಅಂಬಾರಿ ಗಾದಿ ಹೊಲಗಿ ಬಿಚ್ಚಿತ್ರಿ," ಅಂದಳು.

ನಾನು ಹೂಂ ಅಂದೆ. ಈ ಸಲ ಕೇಳಿಸಿತು.

"ಮೂಲ್ಯಾಗಿಂದ ಹತ್ತಿ ಉದರಾಕ ಹತ್ತಿತ್ತು. ಹೊಲಗಿ ಬಿಚ್ಚಿದ್ದು ಕಂಡ್ರ ಅವರಿಗೆ ಅನ್ನ ಸೇರ್ತಿರ್ಲಿಲ್ಲ. ಯುದ್ಧ ಎತ್ತಾಗ ನಡದಿತ್ತೋ, ಅವರಿಗೇನು ಗೊತ್ತು? ಸೂಜಿ ದಾರ ತಗೊಂಡು ಹತ್ತಿಬಿಟ್ರು."

"ಹೂಂ," ಅಂತ ಇನ್ನೊಬ್ಬ ಅಂದ. ತಿರುಗಿ ನೋಡಿದೆ. ಮುರಿಗೆಪ್ಪನ ಆಳುಗಳಲ್ಲೇ ಒಬ್ಬ. ಯಜಮಾನ ದುರುಗುಟ್ಟಿದ್ದು ಅವನಿಗೆ ಕಾಣಲೇ ಇಲ್ಲ. ಅಂಬಾರಿಯ ಅಂಚಿನಲ್ಲಿ ಕಾಲು ಗಟ್ಟಿಯಾದವು, ಮೊಣಕಾಲು ಬಂತು, ಧೋತರ ಬಂತು.

"ಹತ್ತಿ ನೋಡ್ತಾರ, ಹರದದ್ದು ರಾಜನ ಕೆಳಗ. ಇವರು ಅಂದ್ರು, ರಾಜಾರ, ಚೂರು ಸರಕೊಳ್ರಿ. ರಾಜ ಅಂದ, ಏಯ್, ನಾ ಯುದ್ಧ ಮಾಡಾಕತ್ತೀನಿ. ಮಾಡ್ರಿ, ಯಾರ್ ಬ್ಯಾಡ ಅಂದ್ರು, ಆ ಕಡೆ ಕುಂತು ಮಾಡ್ರಿ, ಅಂದ್ರು ಇವರು."

ಬಯಲು ನಗುತ್ತಲೇ ಹೂಂ ಅಂದಿತು. ಸುತ್ತ ಬೆಂಕಿಯ ಬಾಣಗಳು ಹಾರುತ್ತಲೇ ಇದ್ದವು, ಕೋಟೆ ಉರುಳುತ್ತಲೇ ಇತ್ತು. ಅಷ್ಟೆಲ್ಲ ಗದ್ದಲದ ನಡುವೆ ಒಬ್ಬ ಮನುಷ್ಯ ಸೂಜಿಗೆ ದಾರ ಪೋಣಿಸುತ್ತಿದ್ದ ಅಂತಲೇ ಜನ ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಸಾದಾ ಅಂಗಡಿಯಲ್ಲಿ ಕೂತು ಪೋಣಿಸಿದ್ದರೆ ನಾವು ಆಕಳಿಸುತ್ತಿದ್ದೆವೋ ಏನೋ. ರಾಜ ಮುಕಳಿ ಎತ್ತಿ ಪಕ್ಕಕ್ಕೆ ಸರಿದ. ನಮ್ಮೂರಿನಲ್ಲಿ ಎಷ್ಟೋ ವರ್ಷಗಳಿಂದ ಬರೀ ಮೀಸೆಯಾಗಿದ್ದ ರಾಜನಿಗೆ ಆವತ್ತು ಮುಖ ಬಂತು, ಮುಜುಗರದ ಮುಖ. ಅದನ್ನು ನೋಡಿ ಅಡಿವೆಯ್ಯನೇ ಹೂಂ ಅಂದುಬಿಟ್ಟ. ಆಮೇಲೆ ಅವನು ತನ್ನ ಎಲ್ಲ ಕಥೆಗಳ ಎಲ್ಲ ಆನೆಗಳ ಮೇಲೂ ಒಂದೊಂದು ಹರಿದ ಗಾದಿ ಹಾಕಿಸಿ, ಯಾಕೆ ಜನ ನಗುತ್ತಿಲ್ಲ ಅಂತ ನನ್ನನ್ನು ಕೇಳಿದ್ದು ಬೇರೆ ಮಾತು.

ಈರಸಂಗಪ್ಪ ಈಗ ಸೊಂಟದ ತನಕ ಬಂದಿದ್ದ, ಎದೆ ಬಂತು, ಕೈ ಬಂದವು. ಸೂಜಿ ಎಳೆಯುವ ಆ ಕೈಯನ್ನು ಕಸ್ತೂರಿ ನೋಡಿದಳು, ತನ್ನ ಕೈ ನೋಡಿಕೊಂಡಳು. ತಲೆಯೂ ಬಂತು. ಆದರೆ ತಲೆ ಬಗ್ಗಿತ್ತು.

"ಅವ್ವಾ, ಮುಖ ಕಾಣವಲ್ದು," ಅಂದಳು ಕಸ್ತೂರಿ.

ನಿಂಬೆವ್ವ ಪ್ರಯತ್ನಪಟ್ಟಳು. "ರಾಜ ಕರದ," ಅಂದಳು. ಅವನು ತಲೆ ಎತ್ತಲಿಲ್ಲ, ಯಾಕೆಂದರೆ ಎತ್ತಿದ ಅನ್ನಲು ಅವಳಿಗೇ ಬಾಯಿ ಬರಲಿಲ್ಲ. ಹೊಲಿಗೆ ನಡುವೆ ಅವನು ರಾಜ ಕರೆದರೆ ಎತ್ತುವವನೇ? "ಬಾಣ ಬಂದು ರುಮಾಲು ಹಾರಿಸ್ಕೊಂಡು ಹೋತು," ಅಂದಳು. ರುಮಾಲು ಹೋಯಿತು, ತಲೆ ಬಗ್ಗಿಯೇ ಇತ್ತು. ನಡುನೆತ್ತಿಯಲ್ಲಿ ಕೂದಲು ತೆಳುವಾದದ್ದು ಮಾತ್ರ ಕಂಡಿತು. ಜನ ಹೂಂ ಅನ್ನುತ್ತಿದ್ದರು, ಅದರಲ್ಲಿ ಈಗ ಕಳವಳವಿತ್ತು. ಹೊಲಿಗೆ ಗಾದಿಯ ತುದಿಗೆ ಬರುತ್ತಿತ್ತು. ಹೊಲಿಗೆ ಮುಗಿದರೆ ಕಥೆ ಮುಗಿಯಿತು.

ನಿಂಬೆವ್ವ ಉಸಿರು ಎಳೆದುಕೊಂಡಳು. "ಆಗ ಮಗಳು ಕರದ್ಲು," ಅಂದಳು. ಅಂದು ನಿಂತುಬಿಟ್ಟಳು.

ಎಲ್ಲರೂ ಕಸ್ತೂರಿಯ ಕಡೆ ನೋಡಿದರು. ಅವಳು ಆ ಪದದಿಂದ ಯಾರನ್ನೂ ಕರೆದವಳಲ್ಲ. ಕಥೆ ಕರಗದಿರಲಿ ಅಂತ ನಾನು ಹೂಂ ಅಂದೆ. "ಅಪ್ಪಾ," ಅಂದಳು, ಹೆಸರು ಸರಿಯಾಗಿ ಗೊತ್ತಿಲ್ಲದ ಸಾಮಾನನ್ನು ಅಂಗಡಿಯಲ್ಲಿ ಕೇಳುವವರ ಹಾಗೆ.

ಈರಸಂಗಪ್ಪ ತಲೆ ಎತ್ತಿದ.

ಏನೂ ವಿಶೇಷವಿಲ್ಲದ ಮುಖ. ಅಗಲ ಮೂಗು, ಹುಬ್ಬಿಗೆ ಅಂಟಿದ ಹತ್ತಿ, ತುಟಿಯ ನಡುವೆ ದಾರದ ತುದಿ. ಯಾರು ಕರೆದರೋ ಅಂತ ಹುಡುಕುವ ಕಣ್ಣು. ಅದು ಬಯಲನ್ನೆಲ್ಲ ದಾಟಿ ಕಸ್ತೂರಿಯ ಮೇಲೆ ಬಂತು, ಬಂದು ಕರಗಿಹೋಯಿತು.

ಯಾಕೆಂದರೆ ಯಾರೂ ಹೂಂ ಅನ್ನಲಿಲ್ಲ. ಎಲ್ಲರೂ ಆ ಮುಖವನ್ನು ನೋಡುತ್ತ ಉಸಿರು ಬಿಗಿಹಿಡಿದಿದ್ದೆವು. ಊರಿಗೆ ಊರೇ ಬಾಯಿ ಕಳೆದುಕೊಂಡು ಕೂತಿತ್ತು, ಇದೇ ಕಸುಬಿನ ನಾನೂ ಸೇರಿ. ಆನೆ ಹೋಯಿತು, ಅಂಬಾರಿ ಹೋಯಿತು, ರಾಜನೂ ಹೋದ. ಬಯಲಿನಲ್ಲಿ ಧೂಳು ಮಾತ್ರ ಉಳಿಯಿತು.

"ಏನ್ ಧಾಡಿ ಆಗಿತ್ತೋ ನಿನಗ, ಹೂಂ ಅನ್ನಾಕ!" ಅಂತ ಮುರಿಗೆಪ್ಪ ನನ್ನ ಮೇಲೆ ಹಾರಿ ಬಂದ. ಅವನ ಕೆನ್ನೆ ಒದ್ದೆಯಾಗಿತ್ತು. ತಾನು ಅನ್ನಬಹುದಿತ್ತು ಅಂತ ಅವನಿಗೂ ಹೊಳೆಯಲಿಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ. ಅವನು ಆಳುಗಳ ಕಡೆ ತಿರುಗಿ, "ಇನ್ನೇನೈತಿ ನೋಡೂದು, ನಡೀರಿ," ಅಂದ. ಜನ ಕೊಡೆ ಮಡಚಿಕೊಂಡು, ಚಪ್ಪಲಿ ಹುಡುಕುತ್ತ ಎದ್ದರು.

ಕಸ್ತೂರಿ ಏಳಲಿಲ್ಲ. ಮುಖ ಇದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಆಮ್ಯಾಲ?" ಅಂದಳು.

"ಆಮ್ಯಾಲ ಏನವಾ? ಎಲ್ಲಾ ಹ್ವಾದ್ವಲ್ಲ. ಇನ್ನ ಏನೂ ಏಳೂದಿಲ್ಲ."

"ಏಳದಿದ್ರ ಬ್ಯಾಡ. ಹೇಳು."

ನಿಂಬೆವ್ವ ಮಗಳ ಎದುರಿಗೆ ಮಣ್ಣಿನಲ್ಲೇ ಕೂತಳು. ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಒಬ್ಬಿಬ್ಬರು ಹಾಗೇ ನಿಂತರು.

"ಆಮ್ಯಾಲ ಆನೀ ಇಳದು ಮನೀಗೆ ಬಂದ್ರು," ಅಂದಳು. "ಮೈತುಂಬ ಹತ್ತಿ. ಏನ್ ಅಡಿಗಿ ಮಾಡೀದಿ ಅಂತ ಕೇಳಿದ್ರು. ನಾ ಅಂದೆ, ಮೊದಲ ಕೈ ತೊಳಕೊಂಡು ಬರ್ರಿ, ಹೇಳ್ತೀನಿ."

ಬಯಲಿನಲ್ಲಿ ಏನೂ ಏಳಲಿಲ್ಲ.

"ತೊಳಕೊಂಡ್ರೇನು?" ಅಂದಳು ಕಸ್ತೂರಿ.